ಉಳಿಸಿಯೇ ಮಾಡುವ ದೊಡ್ಡಮ್ಮ

ಈ ದೊಡ್ಡಮ್ಮ ಎಲ್ಲರ ಮನೆಯಲ್ಲೂ ಇದ್ದಾರೆ. ಕೆಲವು ಕಡೆ ಅತ್ತೆ, ಕೆಲವು ಕಡೆ ಅಜ್ಜಿ. ಇತ್ತೀಚೆಗೆ ಒಂದೆರಡು ಮನೆಗಳಲ್ಲಿ ನಿವೃತ್ತರಾದ ಮಾವಂದಿರೂ ಈ ಪಾತ್ರಕ್ಕೆ ಇಳಿದಿದ್ದಾರೆಂದು ಸುದ್ದಿ. ನಮ್ಮ ಪಾಲಿಗೆ ಬಂದವರು ದೊಡ್ಡಮ್ಮ. ಗುರುತು ಹಿಡಿಯುವುದು ಸುಲಭ. ತಿಂಡಿ ಚೆನ್ನಾಗಿದೆ ಎಂದಿರೋ, ಅವರ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಒಂದು ಗುಟ್ಟು ಕಾಣಿಸಿಕೊಳ್ಳುತ್ತದೆ. “ಯಾವುದರಲ್ಲಿ ಮಾಡಿದ್ದೀನಿ ಹೇಳು ನೋಡೋಣ?” ಎನ್ನುತ್ತಾರೆ. ಹೇಳಲು ಹೋಗಬಾರದು. ಊಹೆ ತಪ್ಪಾದರೆ ನಗೆಪಾಟಲು, ಸರಿಯಾದರೆ ತಟ್ಟೆಯಲ್ಲಿರುವುದನ್ನು ಮುಗಿಸುವುದು ಕಷ್ಟ.

ಹೊರಗಿನವರು ಅವರನ್ನು ಜಿಪುಣಿ ಎಂದುಕೊಳ್ಳುತ್ತಾರೆ. ಎರಡು ಒಣಕಲು ಚಪಾತಿಯನ್ನು ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ, ಕೊಬ್ಬರಿ ಬೆರೆಸಿ, ಮೇಲೆ ಅರ್ಧ ಬಟ್ಟಲು ತುಪ್ಪ ಸುರಿದು ಮಾದಲಿ ಮಾಡುವವರನ್ನು ಯಾವ ಲೆಕ್ಕದಲ್ಲಿ ಜಿಪುಣಿ ಎನ್ನುವುದು? ಮಿಕ್ಕ ಅನ್ನಕ್ಕೆ ಅವರು ಹುರಿದು ಹಾಕುವ ಗೋಡಂಬಿಯ ದುಡ್ಡಿಗೆ ಹೊಸ ಅಕ್ಕಿಯೇ ಬರುತ್ತದೆ. ಅವರಿಗೆ ಬೇಕಾದದ್ದು ಉಳಿತಾಯವಲ್ಲ, ಗೆಲುವು. ಒಂದು ಅಡುಗೆಯ ಕಥೆ ಮುಗಿಯಿತೆಂದು ಮನೆಮಂದಿಯೆಲ್ಲ ಕೈಬಿಟ್ಟ ಮೇಲೆ ಅದನ್ನು ಎಬ್ಬಿಸಿ ಕೂರಿಸಿ, ಒಗ್ಗರಣೆ ಕೊಟ್ಟು, ಬೇರೆ ಹೆಸರಿಟ್ಟು, ನಿನ್ನೆ ಬೇಡವೆಂದ ಅದೇ ಬಾಯಿಂದ “ಇನ್ನೊಂದ್ ಚೂರು ಹಾಕಿ” ಅನ್ನಿಸಬೇಕು. ಅದು ಅವರ ಹಟ.

ಅವರ ಮನೆಯ ಹುಳಿಯ ಜೀವನಚರಿತ್ರೆಯನ್ನೇ ತೆಗೆದುಕೊಳ್ಳಿ. ಭಾನುವಾರ ಮಧ್ಯಾಹ್ನ ನುಗ್ಗೆಕಾಯಿ ಹುಳಿಯಾಗಿ ಹುಟ್ಟುತ್ತದೆ. ಸೋಮವಾರ ಕುದಿಸಿ ಕುದಿಸಿ ಬತ್ತಿಸಿ ಗೊಜ್ಜಿನ ಪದವಿಗೇರುತ್ತದೆ. ಈ ಹಂತದಲ್ಲಿ ಅದರ ರುಚಿ ಭಾನುವಾರದ್ದಕ್ಕಿಂತ ಮೇಲು ಎಂಬುದನ್ನು ವಿರೋಧ ಪಕ್ಷದವರೂ ಒಪ್ಪುತ್ತಾರೆ. ಮಂಗಳವಾರ ಅನ್ನ, ಮಸಾಲೆ ಪುಡಿ, ತುಪ್ಪ ಸೇರಿ ಬಿಸಿಬೇಳೆಬಾತ್ ಎಂದು ನಾಮಕರಣ. ಬುಧವಾರ ಆ ಬಾತಿನ ತಳಕ್ಕೆ ಅಕ್ಕಿಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಕಲಸಿ ರೊಟ್ಟಿ ತಟ್ಟುತ್ತಾರೆ. ದೊಡ್ಡಪ್ಪ ನೌಕರಿಯುದ್ದಕ್ಕೂ ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡಿದವರು. ರೊಟ್ಟಿಯಿಂದ ಒಂದು ನಾರನ್ನು ಎಳೆದು, ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು “ಇದು ಭಾನುವಾರದ ನುಗ್ಗೆಕಾಯಿ” ಎಂದು ಘೋಷಿಸುತ್ತಾರೆ. ದೊಡ್ಡಮ್ಮ ಒಪ್ಪಿಕೊಳ್ಳುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಇನ್ನೊಂದು ರೊಟ್ಟಿ ಹಾಕುತ್ತಾರೆ. ದೊಡ್ಡಪ್ಪ ಅದನ್ನೂ ತಿನ್ನುತ್ತಾರೆ.

ತಂಗಳು ಎಂಬ ಶಬ್ದ ಆ ಮನೆಯಲ್ಲಿ ನಿಷಿದ್ಧ. ಅದು ‘ತಣಿದದ್ದು’. ಹಾಗೆನ್ನುವುದರಲ್ಲಿ ಹುಸಿಯೇನಿಲ್ಲ ಎಂದು ನನಗೆ ಗೊತ್ತಾದದ್ದು ಅವರು ಇಡ್ಲಿ ಉಪ್ಪಿಟ್ಟು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದ ಇಡ್ಲಿಗಳನ್ನು ಅಗಲ ಪರಾತಕ್ಕೆ ಹಾಕಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಅಂಚಿನಿಂದ ಉದುರಿಸುತ್ತಾ ಬರುತ್ತಾರೆ. ಹಿಸುಕುವುದಿಲ್ಲ. ಕಾಳಿನಷ್ಟು ಕಾಳಿನಷ್ಟು ಉದುರಿದ ಮೇಲೆ ಕೈಯಲ್ಲಿ ಸ್ವಲ್ಪ ಮಜ್ಜಿಗೆ ಚಿಮುಕಿಸಿ ಪಕ್ಕಕ್ಕಿಡುತ್ತಾರೆ. ಬಾಣಲೆಯಲ್ಲಿ ಸಾಸಿವೆ ಸಿಡಿದು ನಿಂತ ಮೇಲೆ ಕಡಲೆಬೇಳೆ, ಅದು ಕೆಂಪಗಾಗುತ್ತಿರುವಾಗ ಉದ್ದಿನಬೇಳೆ, ಹಸಿಮೆಣಸು, ಕರಿಬೇವು, ಚಿಟಿಕೆ ಇಂಗು, ಅರಿಸಿನ. ಉರಿ ಸಣ್ಣದು ಮಾಡಿ ಇಡ್ಲಿ ಹಾಕಿ ಎರಡೇ ಸಲ ಮೊಗಚಿ, ಮುಚ್ಚಳ ಮುಚ್ಚಿ, ಇಳಿಸಿದ ಮೇಲೆ ನಿಂಬೆಹಣ್ಣು. ಬಿಸಿ ಇಡ್ಲಿಯಲ್ಲಿ ಇದು ಸಾಧ್ಯವೇ ಇಲ್ಲ, ಮುದ್ದೆಯಾಗಿ ಕೂರುತ್ತದೆ. ಬೆಂದ ಪಿಷ್ಟ ತಣ್ಣಗಾದಾಗ ಅದರೊಳಗಿನ ಎಳೆಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ, ಅದಕ್ಕೇ ಉದುರುತ್ತದೆ ಎನ್ನುತ್ತದೆ ಆಹಾರ ವಿಜ್ಞಾನ. ಚಿತ್ರಾನ್ನಕ್ಕೆ ಆರಿದ ಅನ್ನವೇ ಸರಿ ಎನ್ನುವುದಕ್ಕೂ ಅದೇ ಕಾರಣ. ದೊಡ್ಡಮ್ಮನ ಭಾಷ್ಯ ಇನ್ನೂ ಚಿಕ್ಕದು: “ಅದು ಒಂದು ನಿದ್ದೆ ಮಾಡಿ ಎದ್ದಿರಬೇಕು ಕಣೋ.”

ಫ್ರಿಜ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಸ್‌ಕ್ರೀಮ್ ಡಬ್ಬದಲ್ಲಿ ಹುಳಿ ಬಂದ ದೋಸೆಹಿಟ್ಟು, ಹಾರ್ಲಿಕ್ಸ್ ಬಾಟಲಿಯಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು. ಈ ಮೋಸಕ್ಕೆ ಬಲಿಯಾಗದೆ ದೊಡ್ಡವರಾದ ಮಕ್ಕಳು ನಮ್ಮಲ್ಲಿ ಯಾರಿದ್ದಾರೆ?

ಆದರೆ ಅವರಿಗೂ ಒಂದು ಸಂವಿಧಾನ ಇದೆ. ತೆಂಗಿನಕಾಯಿ ಹಾಕಿದ್ದನ್ನು ಮರುದಿನಕ್ಕೆ ನಂಬುವುದಿಲ್ಲ. ನೂಲು ಬಿಟ್ಟಿದ್ದು ಯಾರ ಶಿಫಾರಸಿದ್ದರೂ ಗಿಡದ ಬುಡಕ್ಕೆ. ಸೂಕ್ಷ್ಮಜೀವಶಾಸ್ತ್ರ ಓದುವ ತಂಗಿಯ ಮಗಳು ಒಮ್ಮೆ ಉತ್ಸಾಹದಿಂದ ಪಾಠ ಶುರುಮಾಡಿದಳು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳಿರುತ್ತವೆ, ಕುದಿಸಿದರೂ ಸಾಯುವುದಿಲ್ಲ, ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಚಿಗುರಿ ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ ಎಂದಳು. ನಾವೆಲ್ಲ ಚಿತ್ರಾನ್ನದ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದೆವು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, “ಅದಕ್ಕೇ ಊಟ ಆದ ತಕ್ಷಣ ಅಗಲ ತಟ್ಟೆಯಲ್ಲಿ ಆರಿಸಿ ಒಳಗಿಡೋದು. ನಿಮ್ಮಪ್ಪ ಸೀರಿಯಲ್ ಮುಗಿಯೋವರೆಗೂ ಪಾತ್ರೆ ಎತ್ತೋಕೆ ಬಿಡಲ್ಲ, ಈ ಪಾಠ ಅವನಿಗೆ ಹೇಳು” ಎಂದರು.

ಅದೇ ಹುಡುಗಿ ಇನ್ನೊಂದು ಸಲ ಹೊಗಳಲು ಹೋಗಿ ಕೈಸುಟ್ಟುಕೊಂಡಳು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ. ಹೋಟೆಲುಗಳದ್ದೂ ಅಂಗಡಿಗಳದ್ದೂ ಕೂಡಿದರೂ ಅಷ್ಟಾಗುವುದಿಲ್ಲ, ನಿಮ್ಮಂಥವರೇ ಭೂಮಿ ಉಳಿಸುವವರು ಎಂದಳು. ದೊಡ್ಡಮ್ಮ ಆ ಟನ್ನುಗಳನ್ನು ಮನಸ್ಸಿನಲ್ಲೇ ಪಾವು, ಸೇರಿಗೆ ಇಳಿಸಿ ನೋಡಿದರೆಂದು ಕಾಣುತ್ತದೆ. ಅವರ ಕಣ್ಣಲ್ಲಿ ಪರಿಸರ ಪ್ರಜ್ಞೆಯ ಬದಲು ಅಸೂಯೆ ಮೂಡಿತು. “ಅಷ್ಟೊಂದಾ! ಅಷ್ಟು ಸಿಕ್ಕಿದ್ದರೆ…” ಎಂದು ಸುಮ್ಮನಾದರು.

ಬೀಗಿತ್ತಿ ಬಂದಾಗಲಷ್ಟೇ ಅವರು ಸ್ವಲ್ಪ ಅಳುಕುವುದು. ಆಕೆ ಧಾರವಾಡದವರು. ಮೆತ್ತಗಾದ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಪುಟಾಣಿ ಪುಡಿ ಉದುರಿಸಿ, ಹತ್ತು ನಿಮಿಷದಲ್ಲಿ ಸುಸಲಾ ಮಾಡಿ ಮುಂದಿಟ್ಟರು. ದೊಡ್ಡಮ್ಮ ಮರುದಿನ ಹೀರೆಕಾಯಿ ಸಿಪ್ಪೆಯ ಚಟ್ನಿಯಿಂದ ಉತ್ತರ ಕೊಟ್ಟರು. ಬೀಗಿತ್ತಿ ತುಂಡಾದ ರೊಟ್ಟಿಗೆ ಒಗ್ಗರಣೆ ಹಾಕಿದರು. ದೊಡ್ಡಮ್ಮ ಕರಾವಳಿಯ ಗೆಳತಿಯಿಂದ ಕಲಿತ ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ ಹುಯ್ದರು. “ಒಂದು ಮಾತು ಹೇಳ್ಲೇನ್ರಿ,” ಎಂದರು ಬೀಗಿತ್ತಿ ದೋಸೆ ಮುರಿಯುತ್ತಾ, “ನೀವು ಉಳದದ್ದನ್ನ ಹೊಸಾದು ಮಾಡ್ತೀರಿ. ನಮ್ಮ ಖಡಕ್ ರೊಟ್ಟಿ ತಿಂಗಳಾದ್ರೂ ಹಳೇದಾಗೂದೇ ಇಲ್ಲ.” ಆ ಸಂಜೆ ದೊಡ್ಡಮ್ಮನ ಮುಖ ಸಣ್ಣದಾಗಿತ್ತು. ಹಳತಾಗದ ಪದಾರ್ಥ ಅವರ ವಿದ್ಯೆಗೆ ಅಪಮಾನ.

ಸೋತ ಮರುದಿನವೇ ಶಾಸ್ತ್ರಪುರಾಣ ಹೊರಗೆ ಬಂತು. ಒಬ್ಬಟ್ಟಿನ ಸಾರು ಏನು? ಬೇಳೆ ಬಸಿದ ಕಟ್ಟು, ಮೇಲೆ ಕಲಸಿದ ಒಂದು ಹಿಡಿ ಹೂರಣ. ಯುಗಾದಿಗೆ ಒಬ್ಬಟ್ಟಿಗಿಂತ ಮರುದಿನದ ಆ ಸಾರಿಗೇ ಕಾದು ಕೂರುವವರು ಎಷ್ಟು ಜನ? ಬಸ್ಸಾರು ಏನು? ಸೊಪ್ಪು, ಕಾಳು ಬೇಯಿಸಿದ ನೀರು. ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಕಚ್ಚಿಕೊಂಡು ಕುಡಿದೇ ಅಲ್ಲವೇ ನಮ್ಮ ಹೊಲಗದ್ದೆ ಉತ್ತದ್ದು? ಇಷ್ಟರವರೆಗೆ ನಾವು ತಲೆಯಾಡಿಸಿದೆವು. ಆಮೇಲೆ ಅವರು ಮಹಾಭಾರತಕ್ಕೆ ಕೈ ಹಾಕಿದರು. ದೂರ್ವಾಸರು ಶಿಷ್ಯರ ದಂಡು ಕಟ್ಟಿಕೊಂಡು ಬಂದಾಗ ದ್ರೌಪದಿಗೆ ಗತಿ ಕಾಣದಂತಾದದ್ದು ಯಾಕೆ? ಊಟ ಮುಗಿಸಿ ಅಕ್ಷಯಪಾತ್ರೆಯನ್ನು ತೊಳೆದಿಟ್ಟಿದ್ದಕ್ಕೆ. ಅದೃಷ್ಟ, ಅಂಚಿನಲ್ಲಿ ಒಂದು ಅಗುಳು ಮಿಕ್ಕಿತ್ತು. ಕೃಷ್ಣ ಅದನ್ನು ಬಾಯಿಗೆ ಹಾಕಿಕೊಂಡ, ಅಷ್ಟೂ ಋಷಿಗಳ ಹೊಟ್ಟೆ ತುಂಬಿತು. “ಪಾತ್ರೆ ಪೂರ್ತಿ ಬಳಿದಿಡೋ ಸೊಸೆಯಂದಿರು ಕೇಳಿಸಿಕೊಳ್ಳಲಿ” ಎಂದು ಮುಗಿಸಿದರು. ವ್ಯಾಸರು ಇದ್ದಿದ್ದರೆ ತಿದ್ದುಪಡಿ ಮಾಡಿಕೊಳ್ಳುತ್ತಿದ್ದರೇನೋ.

ಅವರ ಅಸಲಿ ರಹಸ್ಯ ಬಯಲಾದದ್ದು ಮನೆಯವರು ಒಂದಾಗಿ ಸಂಚು ಹೂಡಿದ ವಾರ. ಉಳಿದರೆ ತಾನೇ ಈ ಅವತಾರಗಳು? ಏನನ್ನೂ ಉಳಿಸದೆ ತಿಂದುಬಿಡೋಣ ಎಂದು ತೀರ್ಮಾನವಾಯಿತು. ದೊಡ್ಡಪ್ಪ ಮೂರನೇ ಸಲ ಅನ್ನ ಹಾಕಿಸಿಕೊಂಡರು. ಮಕ್ಕಳು ಪಲ್ಯದ ಬಟ್ಟಲನ್ನು ಬೆರಳಲ್ಲಿ ಒರೆಸಿದರು. ದೊಡ್ಡಮ್ಮ ಖಾಲಿ ಪಾತ್ರೆಗಳ ಎದುರು ಕಂಗಾಲಾಗಿ ನಿಂತರು. “ಎಲ್ಲಾ ತಿಂದುಬಿಟ್ಟರೆ ನಾಳೆ ತಿಂಡಿಗೆ ಏನು ಮಾಡಲಿ?” ಎಂದರು. ಮರುದಿನದಿಂದ ಅಕ್ಕಿ ಒಂದು ಪಾವು ಜಾಸ್ತಿ ಬಿತ್ತು. ನಾವು ಜಾಸ್ತಿ ತಿಂದೆವು. ಅವರು ಇನ್ನೊಂದು ಪಾವು ಹಾಕಿದರು. ವಾರದ ಕೊನೆಗೆ ದೊಡ್ಡಪ್ಪನ ಸಕ್ಕರೆ ಪರೀಕ್ಷೆಯ ವರದಿ ಬಂದು, ಸಂಚು ಬೇಷರತ್ತಾಗಿ ಶರಣಾಯಿತು. ಆಗ ಹೊಳೆಯಿತು: ಅವರು ಉಳಿದದ್ದರಿಂದ ಅಡುಗೆ ಮಾಡುವವರಲ್ಲ, ಉಳಿಯಲೆಂದೇ ಅಡುಗೆ ಮಾಡುವವರು. ಬಿಸಿ ಊಟವೆಂದು ನಾವು ಉಣ್ಣುತ್ತಿದ್ದದ್ದು ನಾಳೆಯ ತಿಂಡಿಯ ಪೂರ್ವಸಿದ್ಧತೆ.

ಅಮೆರಿಕದಲ್ಲಿರುವ ಅಕ್ಕನ ಮಗಳು ಕಳೆದ ಸಲ ಬಂದಾಗ ತಿಂದ ವಡೆಯನ್ನು ಮರೆಯಲಾಗದೆ ಮೊನ್ನೆ ವಿಡಿಯೊ ಕರೆ ಮಾಡಿದಳು. ಮಾಡುವ ವಿಧಾನ ಬೇಕಂತೆ. ಅಳತೆ ಬರೆದುಕೊಳ್ಳಲು ಪುಸ್ತಕ, ಪೆನ್ನು ಹಿಡಿದು ಕೂತಿದ್ದಳು.

“ಬರಕೋ. ಮೊದಲು ಗುರುವಾರ ಉಪ್ಪಿಟ್ಟು ಮಾಡಬೇಕು.”

“ನನಗೆ ಬೇಕಾಗಿರೋದು ವಡೆ, ದೊಡ್ಡಮ್ಮ.”

“ಅದಕ್ಕೇ ಹೇಳ್ತಿರೋದು. ಶುಕ್ರವಾರ ಬೆಳಿಗ್ಗೆ ಆ ಉಪ್ಪಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿ ನಾದಿ, ತಟ್ಟಿ, ಕಾದ ಎಣ್ಣೆಗೆ ಬಿಡು.”

ಶನಿವಾರ ಮತ್ತೆ ಕರೆ ಬಂತು. ಹುಡುಗಿಯ ಮುಖ ಬಾಡಿತ್ತು. “ಉಪ್ಪಿಟ್ಟು ಉಳೀಲೇ ಇಲ್ಲ ದೊಡ್ಡಮ್ಮ. ಇವರು ಎರಡು ಸಲ ಹಾಕಿಸಿಕೊಂಡು ತಿಂದುಬಿಟ್ಟರು.”

ದೊಡ್ಡಮ್ಮ ತುಸು ಹೊತ್ತು ಯೋಚಿಸಿದರು. “ನಿನ್ನ ತಪ್ಪು ಅಲ್ಲೇ ಆಗಿರೋದು. ಮುಂದಿನ ಸಲ ಒಂಚೂರು ಕೆಟ್ಟದಾಗಿ ಮಾಡು.”