ನಾಮಫಲಕ ಮೀಮಾಂಸೆ: ನಾಗಸಂದ್ರ ಪಾಠ

ಪೀಠಿಕೆ

ಕಾವ್ಯಕ್ಕೆ ಮೀಮಾಂಸೆಯಿದೆ, ನಾಟ್ಯಕ್ಕೆ ಶಾಸ್ತ್ರವಿದೆ. ಅಂಗಡಿ ಬೋರ್ಡಿನ ಬಗ್ಗೆ ಮಾತ್ರ ನೋಟಿಸು ಬಿಟ್ಟರೆ ಬೇರೆ ಸಾಹಿತ್ಯ ಹುಟ್ಟಿಲ್ಲ. ಆ ಕೊರತೆ ನೀಗಲೆಂದು, ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ನಾಗಸಂದ್ರ ಮೆಟ್ರೊ ನಿಲ್ದಾಣದವರೆಗಿನ ಬೋರ್ಡುಗಳನ್ನೇ ಆಕರವಾಗಿಟ್ಟುಕೊಂಡು ಈ ಗ್ರಂಥ ರಚಿತವಾಗಿದೆ.

ಸಹೃದಯ ಪ್ರಕರಣ

ಬೋರ್ಡು ಇರುವುದು ಗಿರಾಕಿಯನ್ನು ಕರೆಯಲಿಕ್ಕೆ ಎಂಬುದು ಪ್ರಾಚೀನರ ಮತ. ಇದು ನಿಲ್ಲುವುದಿಲ್ಲ. ನಾಗಸಂದ್ರದ ಗಿರಾಕಿ ಬೋರ್ಡು ಓದಿ ಬರುವವನಲ್ಲ. "ಐಕಿಯಾ ದಾಟಿ ಬಾ ಗುರು, ಟೀ ಅಂಗಡಿ ಪಕ್ಕ" ಎಂಬ ಫೋನಿನ ಮೇಲೆ ಬರುವವನು. ಬಂದ ಮೇಲೂ ಬೋರ್ಡಿನ ಕೆಳಗೇ ನಿಂತು "ಎಲ್ಲಿದೀರಾ?" ಎಂದು ಇನ್ನೊಮ್ಮೆ ಫೋನು ಮಾಡುತ್ತಾನೆ. ಮೊದಲಕ್ಷರದಿಂದ ಜಿಎಸ್‌ಟಿ ನಂಬರಿನವರೆಗೆ ಬೋರ್ಡನ್ನು ತದೇಕಚಿತ್ತದಿಂದ ಓದುವವರು ಒಬ್ಬರೇ, ಪಾಲಿಕೆಯ ಆರೋಗ್ಯ ಪರಿವೀಕ್ಷಕರು. ಆದ್ದರಿಂದ ಅವರೇ ಇಲ್ಲಿ ಸಹೃದಯರು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್ ಹುಡುಗ ಕವಿ. ಅಂಗಡಿ ಮಾಲೀಕ ಆಶ್ರಯದಾತ, ಖರ್ಚಷ್ಟೇ ಅವನದು.

ಬೋರ್ಡಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಪೂರ್ವಪಕ್ಷ ಏಳಬಹುದು. ಸಮಾಧಾನ ಹೀಗಿದೆ: ಬಿಬಿಎಂಪಿ ಕಾಲದಲ್ಲಿ ಟ್ರೇಡ್ ಲೈಸೆನ್ಸ್ ಕೊಡುತ್ತಿದ್ದದ್ದು ಆರೋಗ್ಯ ವಿಭಾಗ. 2024ರ ಆರಂಭದಲ್ಲಿ ಕನ್ನಡವಿಲ್ಲದ ಅಂಗಡಿಗಳಿಗೆ ನೋಟಿಸು ಹೊತ್ತು ಹೋದದ್ದೂ ಅದೇ. ಸೊಳ್ಳೆಮರಿಯನ್ನೂ ಕಾಗುಣಿತವನ್ನೂ ಒಂದೇ ಸುತ್ತಿನಲ್ಲಿ ಪರೀಕ್ಷಿಸಬಲ್ಲ ವಿಮರ್ಶಕರು ಬೇರೆ ಯಾವ ಸಾಹಿತ್ಯಕ್ಕಿದ್ದಾರೆ?

ಪ್ರಮಾಣ ಪ್ರಕರಣ

2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಇಂಗ್ಲಿಷ್ ಬೋರ್ಡುಗಳನ್ನು ಬೀದಿಯಲ್ಲೇ ವಿಮರ್ಶಿಸಿದರು. ಮರುತಿಂಗಳು ಸರ್ಕಾರ ಸಿದ್ಧಪಡಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಹಿಂದಿರುಗಿಸಿದರು. ಫೆಬ್ರವರಿಯಲ್ಲಿ ವಿಧಾನಮಂಡಲವೇ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿ ಅಂಗೀಕರಿಸಿತು. ಕವಿರಾಜಮಾರ್ಗದ ಪ್ರಕಾರ ಕನ್ನಡದ ವ್ಯಾಪ್ತಿ ಕಾವೇರಿಯಿಂದ ಗೋದಾವರಿಯವರೆಗೆ. ತಿದ್ದುಪಡಿಯ ಪ್ರಕಾರ ಬೋರ್ಡಿನ ಮೇಲಂಚಿನಿಂದ ಶೇ. 60ರವರೆಗೆ.

ಶೇ. 60 ಯಾವುದರದು ಎಂಬಲ್ಲಿ ವಿದ್ವಾಂಸರು ಮೂರು ಪಂಥವಾಗಿದ್ದಾರೆ. ವಿಸ್ತೀರ್ಣವಾದಿಗಳು ಚದರಡಿ ಲೆಕ್ಕ ಹಾಕುತ್ತಾರೆ. ಅಕ್ಷರವಾದಿಗಳು ಬೆರಳು ಮಡಚುತ್ತಾರೆ. ಔನ್ನತ್ಯವಾದಿಗಳು ಏಣಿ ಕೇಳುತ್ತಾರೆ. ನಿಜವಾದ ತೊಡಕು ಇರುವುದು ಗಡಿಯಲ್ಲಿ. 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಇಂಜಿನಿಯರಿಂಗ್ ವರ್ಕ್ಸ್' ಎಂದು ಬರೆಸಿದಾಗ ಒತ್ತುಗಳು ಕೆಳಗಿಳಿದು ಇಂಗ್ಲಿಷಿನ ಶೇ. 40ರೊಳಗೆ ಕಾಲು ಚಾಚಿದರೆ ಅದು ಒತ್ತಕ್ಷರವೋ, ಒತ್ತುವರಿಯೋ? ಮಹಾಜನ ವರದಿಯಲ್ಲೂ ಇದಕ್ಕೆ ಉತ್ತರವಿಲ್ಲ.

ಕಾಲ ಪ್ರಕರಣ

ಬೇಗೂರಿನ ನಾಗನಾಥೇಶ್ವರ ದೇಗುಲದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಬೆಂಗಳೂರು ಎಂಬ ಹೆಸರು ಅದರಲ್ಲಿ ಕನ್ನಡದಲ್ಲೇ ಇದೆ. ಒಂದು ಸಲವೂ ರಿನ್ಯೂವಲ್ ಮಾಡಿಸದೆ ಈವರೆಗೆ ಉಳಿದಿರುವುದು ಆಡಳಿತ ದೃಷ್ಟಿಯಿಂದ ಗಂಭೀರ ಲೋಪ. ಟ್ರೇಡ್ ಲೈಸೆನ್ಸಿನ ಆಯಸ್ಸಾದರೋ ಮಾರ್ಚ್ 31ರವರೆಗೆ.

ಲೈಸೆನ್ಸ್ ಕೊಡುವವರಾದರೂ ಚಿರಂಜೀವಿಗಳೇ? ದಾಸರಹಳ್ಳಿಯ ನಗರಸಭೆ 2007ರಲ್ಲಿ ಬಿಬಿಎಂಪಿಯೊಳಗೆ ಕರಗಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಎದ್ದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. ಇಲ್ಲಿಂದ ಈ ಗ್ರಂಥದ ಮುಖ್ಯ ಸಿದ್ಧಾಂತ ಹೊರಡುತ್ತದೆ: ಬೋರ್ಡು ಸರಿಯಿರಬೇಕೆಂದು ಆಜ್ಞಾಪಿಸುವ ಕಚೇರಿ ತನ್ನ ಬೋರ್ಡನ್ನು ಬದಲಿಸಿದಷ್ಟು ಸಲ ಪೀಣ್ಯದ ಲೇತ್ ವರ್ಕ್‌ಶಾಪು ಬದಲಿಸುವುದಿಲ್ಲ. ಬಾಗಿಲ ಮೇಲಿನ ಹೆಸರು ಉಳಿಯುತ್ತದೆ. ಗೋಡೆಗೆ ಕಟ್ಟುಹಾಕಿಸಿ ತೂಗುಹಾಕಿದ ಅನುಮತಿ ಪತ್ರದ ಮೇಲಿನ ಲಾಂಛನ ಉಳಿಯುವುದಿಲ್ಲ.

ಫಲಶ್ರುತಿ

ಬಾಡಿಗೆ ಕರಾರು, ತೆರಿಗೆ ರಸೀದಿ, ಬೋರ್ಡಿನ ಫೋಟೊ ಸಮೇತ ಈ ಮೀಮಾಂಸೆಯನ್ನು ಶುಚಿರ್ಭೂತರಾಗಿ ಪಠಿಸುವವರಿಗೆ ಸರ್ವರ್ ಒಲಿಯುವುದು, ಒಟಿಪಿ ಸಕಾಲಕ್ಕೆ ಬರುವುದು, ಫೈಲು ಮೇಜಿನಿಂದ ಮೇಜಿಗೆ ತಾನೇ ನಡೆಯುವುದು. ಫಲ ಮಾರ್ಚ್ 31ರವರೆಗೆ ಮಾತ್ರ ಊರ್ಜಿತ. ತಡವಾಗಿ ಪಠಿಸುವವರು ದಂಡ ಸಮೇತ ಪಠಿಸತಕ್ಕದ್ದು.