ಮನ್ಯಾಗ ಕೇಳಿ ಹೇಳ್ತೀನ್ರಿ

ನೇಮಕಾತಿ ಮಾಡುವವರಿಗೆ ಅಭ್ಯರ್ಥಿ ಮೊದಲು ಸಿಗುವುದು ಕಾಗದದ ಮೇಲೆ. ಅಲ್ಲಿ ಎಲ್ಲರೂ ‘ಹಾರ್ಡ್ ವರ್ಕಿಂಗ್’, ಎಲ್ಲರ ಹವ್ಯಾಸವೂ ಪುಸ್ತಕ ಓದುವುದು. ಇತ್ತೀಚೆಗೆ ಓದಿದ್ದು ಯಾವುದೆಂದು ಕೇಳಿದಾಗ ಮಾತ್ರ ಫ್ಯಾನಿನ ಸದ್ದು ಕೇಳಿಸುತ್ತದೆ. ಧಾರವಾಡದ ಕೆಲಗೇರಿ ಕಡೆ ಇಂಥ ಬಯೋಡೇಟಾಗಳಿಗೆ ಬರವಿಲ್ಲ. ಊರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿ ಇದೆ, ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮುಗಳು. ಇವರಲ್ಲಿ ಅನೇಕರಿಗೆ ಖಾಸಗಿ ಕೆಲಸ ಬೇಕಿರುವುದು ಪಿಎಸ್‌ಐ ಆಗುವ ತನಕ. ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಪಳಗಿದ ಎಚ್‌ಆರ್ ಕೇಳುವುದೂ ಇಲ್ಲ.

ಸಂದರ್ಶನದ ಹೊತ್ತಿಗೆ ಫೋನ್ ಹಚ್ಚಿದರೆ, ‘ಇಲ್ಲೇ ಕೆರಿ ಹತ್ರ ಅದೀನ್ರಿ ಸರ್, ಐದ ಮಿನಿಟ್’. ಕೆಲಗೇರಿ ಕೆರೆ ದೊಡ್ಡದು; ಯಾವ ದಂಡೆ ಎಂದು ಕೇಳುವುದು ಒಳ್ಳೆಯದು. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂಬ ಪ್ರಶ್ನೆಗೆ ‘ಇಲ್ಲೇ ಧಾರವಾಡದಾಗ್ರಿ’ ಎನ್ನುವವರಿದ್ದಾರೆ. ಇಡೀ ದಿನದಲ್ಲಿ ಸಿಗುವ ಪ್ರಾಮಾಣಿಕ ಉತ್ತರ ಅದೊಂದೇ. ಅಂಕ ಸಿಗದಿರುವುದೂ ಅದಕ್ಕೇ.

ನಿಜವಾದ ತಾಪತ್ರಯ ಆಯ್ಕೆಯಾದ ಮೇಲೆ. ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಎಂದರೆ ಮುಕ್ಕಾಲು ಪಾಲು ಇಲ್ಲವೆಂದೇ ಲೆಕ್ಕ. ಆಫರ್ ಲೆಟರ್ ಬೆಂಗಳೂರಿಗೆ ಹೋಗಿ, ಅಲ್ಲಿ ಪಗಾರ ಏರಿಸುವ ಚೌಕಾಸಿಗೆ ಸಾಕ್ಷಿ ನಿಲ್ಲುತ್ತದೆ. ಸೇರುವ ದಿನ ಅಭ್ಯರ್ಥಿಯ ಫೋನ್ ಸ್ವಿಚ್ಡ್ ಆಫ್.

ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿಯವರಿಗೆ ಆ ಭಾಗ್ಯವಿಲ್ಲ. ಅವರು ಒಂದು ಕುರ್ಚಿಗೆ ಇಬ್ಬರನ್ನು ಆರಿಸಿಟ್ಟು, ಬಂದವರನ್ನು ಕೂರಿಸುತ್ತಾರೆ.