ಮಂಟಪಕ್ಕೆ ಎಲೆ ಮೊದಲು, ಹೂ ಆಮೇಲೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಡೆಕೊರೇಷನ್ ಅಣ್ಣಂದಿರೇ,

ಹಿರಿಯೂರಿನ ಸುತ್ತಲ ಹೊಲಗಳಲ್ಲಿ ಸೇವಂತಿಗೆ, ಚೆಂಡುಹೂ, ಕನಕಾಂಬರ ಅರಳಿ ನಿಂತಿರುತ್ತವೆ. ಅಲ್ಲೇ ಹತ್ತಿರದ ಕಲ್ಯಾಣ ಮಂಟಪದಲ್ಲಿ ಮದುಮಕ್ಕಳ ಬೆನ್ನಿಗೆ ಪ್ಲಾಸ್ಟಿಕ್ ಎಲೆಯ ಗೋಡೆ, ಬಟ್ಟೆಯ ಗುಲಾಬಿ. ಒಂದಿಷ್ಟು ನಿಜವಾದ ಹೂವಿದ್ದರೆ ಅದೂ ಹಸಿರು ಫೋಮಿನ ಇಟ್ಟಿಗೆಗೆ ಚುಚ್ಚಿದ್ದು. ಬೋರ್‌ವೆಲ್ ನೀರನ್ನು ಹನಿ ಹನಿಯಾಗಿ ಕೊಟ್ಟು ಬೆಳೆಸಿದ ಹೂವಿಗೆ ನಮ್ಮದೇ ಮದುವೆಗಳಲ್ಲಿ ಜಾಗವಿಲ್ಲ. ಇದನ್ನು ನೋಡಿ ಸಂಕಟವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಕಷ್ಟವೂ ಗೊತ್ತು. ಪ್ಲಾಸ್ಟಿಕ್ಕು ನಾಳೆ ಇನ್ನೊಂದು ಮಂಟಪಕ್ಕೆ ಹೋಗುತ್ತದೆ, ಹೂ ಬಾಡುತ್ತದೆ. ಲಗ್ನದ ದಿನಗಳಲ್ಲಿ ಹೂವಿನ ದರ ಏರಿದರೂ ಗಿರಾಕಿ ಹಳೆಯ ರೇಟಿಗೇ ಜಗ್ಗುತ್ತಾನೆ. ಆದರೆ ಹೂ ಕೈಗೆಟುಕದಂತಾಗುವುದು ಗೋಡೆಯನ್ನೆಲ್ಲ ಹೂವಿನಿಂದಲೇ ಮುಚ್ಚಲು ಹೊರಟಾಗ. ಪದರ ಪದರವಾಗಿ ಕಟ್ಟಿದರೆ ಹೆಚ್ಚಿನ ಜಾಗವನ್ನು ಎಲೆಯೇ ತುಂಬುತ್ತದೆ.

ಮೊದಲು ಫೋಮ್ ಬಿಡಿ. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅದು ಫೀನಾಲ್-ಫಾರ್ಮಾಲ್ಡಿಹೈಡಿನ ಪ್ಲಾಸ್ಟಿಕ್ಕು. ಕೊಳೆಯುವುದಿಲ್ಲ, ಪುಡಿಪುಡಿಯಾಗಿ ನೀರಿಗೆ ಸೇರುತ್ತದೆ. ಲಂಡನ್ನಿನ ಪ್ರಸಿದ್ಧ ಚೆಲ್ಸಿ ಹೂವಿನ ಪ್ರದರ್ಶನದಲ್ಲೇ 2021ರಿಂದ ಅದಕ್ಕೆ ನಿಷೇಧವಿದೆ. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಕೋಡಿ ಬೀಳಲು 2022ರವರೆಗೆ ಕಾದ ಜಿಲ್ಲೆ ನಮ್ಮದು. ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಫೋಮಿನ ಬದಲು ಬಾಳೆದಿಂಡು ಇದೆ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟಗಳ ನಡುವೆ ಬಾಳೆ ಇದ್ದೇ ಇರುತ್ತದೆ. ಗೊನೆ ಕಡಿದ ಮೇಲೆ ಆ ಗಿಡವನ್ನು ಹೇಗೂ ಉರುಳಿಸುತ್ತಾರೆ. ಒಂದು ಮೊಳದ ತುಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮೈ ಕೆಳಗಾಗುವಂತೆ ಹರಿವಾಣದಲ್ಲಿಡಿ. ಅದರಲ್ಲೇ ಪಸೆ ಇರುತ್ತದೆ. ಮೆತ್ತನೆಯ ತೊಟ್ಟು ನೇರವಾಗಿ ಇಳಿಯುವುದಿಲ್ಲ, ಮೊದಲು ಬಿದಿರಿನ ಕಡ್ಡಿಯಿಂದ ತೂತು ಮಾಡಿ. ತೊಟ್ಟು ಗಿಡ್ಡವಿರುವ ಚೆಂಡುಹೂವಿಗೆ ತೆಂಗಿನ ಗರಿಯ ಕಡ್ಡಿ ಪೋಣಿಸಿ.

ಕೆಳಗಿನ ಪದರ ಅಗಲ ಎಲೆಯದು: ಮಾವು, ಹಲಸು, ಕ್ರೋಟನ್. ತುದಿ ಹೊರಕ್ಕೆ ಬಾಗಿ ದಿಂಡು ಮರೆಯಾಗಬೇಕು. ಅದರ ಮೇಲೆ ಮರುಗ, ತುಳಸಿ. ಕಣ್ಣಿಗೆ ತಿಳಿಹಸಿರು, ಮೂಗಿಗೆ ಪರಿಮಳ. ಆಮೇಲೆ ಸೇವಂತಿಗೆ. ದೊಡ್ಡ ಹೂ ತಳದಲ್ಲಿ, ಸಣ್ಣದು ಮೇಲೆ, ಅರೆಬಿರಿದದ್ದು ತುದಿಗೆ. ಒಂದೊಂದೇ ಚುಚ್ಚಿದರೆ ಚುಕ್ಕಿ ಇಟ್ಟಂತಾಗುತ್ತದೆ, ಮೂರು ನಾಲ್ಕನ್ನು ಒಟ್ಟಿಗೆ ಗುಂಪಾಗಿಡಿ. ಗುಂಪಿನ ನಡುವೆ ಎಲೆ ಕಾಣಲಿ. ಕೊನೆಗೆ ನೆಟ್ಟಗೆ ನಿಲ್ಲುವ ಸುಗಂಧರಾಜ. ಅದು ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ. ಸಂಜೆಯ ಆರತಕ್ಷತೆಗೆ ಕೆಳಗಿನ ಒಂದೆರಡು ಹೂವಷ್ಟೇ ಬಿರಿದ ಕಡ್ಡಿ ಆರಿಸಿ, ಇರುಳಾದಂತೆ ಘಮ ಏರುತ್ತದೆ. ಹೂವನ್ನು ತಂಪು ಹೊತ್ತಿನಲ್ಲಿ ಕೊಯ್ಯಿಸಿ, ತೊಟ್ಟು ಓರೆಯಾಗಿ ಕತ್ತರಿಸಿ, ಕೆಲವು ತಾಸು ನೀರಲ್ಲಿಟ್ಟೇ ಕಟ್ಟಲು ಕೂಡಿ. ಈ ಕಾಯುವಿಕೆ ತಪ್ಪಿಸಿದರೆ ತಾಳಿ ಕಟ್ಟುವ ಹೊತ್ತಿಗೆ ಹೂ ತಲೆ ಬಗ್ಗಿಸುತ್ತದೆ.

ಎಲೆಯನ್ನು ಬರೀ ಹಿನ್ನೆಲೆ ಅಂದುಕೊಳ್ಳಬೇಡಿ. ಹೊಳಲ್ಕೆರೆಯಲ್ಲಿ ಸೂರಿಲ್ಲದೆ ಬಯಲಲ್ಲೇ ಕೂತ ಗಣಪತಿಯನ್ನು ನೋಡಿದ್ದೀರಲ್ಲ? ಗಣಪನಿಗೆ ಇಪ್ಪತ್ತೊಂದು ಬಗೆಯ ಪತ್ರೆಯ ಪೂಜೆಯೇ ಉಂಟು. ಗರಿಕೆ, ಬಿಲ್ವ, ಎಕ್ಕ, ಬನ್ನಿ ನಮ್ಮ ಹೊಲದ ಬದುಗಳಲ್ಲೇ ಸಿಗುವಂಥವು.

ಕಲಿಯಲು ದೂರ ಹೋಗಬೇಕಿಲ್ಲ. ಪೇಟೆಯಲ್ಲಿ ಮಾರುಗಟ್ಟಲೆ ಹೂ ಕಟ್ಟುವ ಅಕ್ಕಂದಿರನ್ನು ಕೇಳಿ. ಕನಕಾಂಬರದ ನಡುವೆ ಎಲ್ಲಿ ಮರುಗ ಸೇರಿಸಬೇಕು, ಯಾವ ಹೂ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಅವರನ್ನು ಕೂಲಿ ಕೊಟ್ಟು ನಿಮ್ಮ ಕೆಲಸಕ್ಕೆ ಕರೆಯಿರಿ, ಕಡಿಮೆ ಕೂಲಿಗಲ್ಲ.

ಆಷಾಢದಲ್ಲಿ ಲಗ್ನಗಳಿರುವುದಿಲ್ಲ. ಆ ಬಿಡುವಿನಲ್ಲಿ ಇಂಥ ಎಲೆ-ಹೂವಿನ ಅಲಂಕಾರವೊಂದನ್ನು ಕಟ್ಟಿ, ಫೋಟೋ ತೆಗೆದು, ಗಿರಾಕಿಗೆ ತೋರಿಸುವ ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕಿ. ಪಕ್ಕದಲ್ಲೇ ರೇಟು ಬರೆಯಿರಿ. ಶ್ರಾವಣದಲ್ಲಿ ನಮ್ಮ ಮನೆಯ ಕಾರ್ಯವಿದೆ, ಮುಂಗಡ ಕೊಡಲು ನಾನೇ ಬರುತ್ತೇನೆ.

ಇಂತಿ,
ಚಿತ್ರದುರ್ಗದ ನಿಮ್ಮೊಬ್ಬ ಗಿರಾಕಿ